ಹೆಗ್ಗಣದ ಮಗಳ ಮದುವೆ ಮತ್ತು ಪೆಟ್ರೋಲ್ ಟ್ಯಾಂಕಿನ ಮುಚ್ಚಳ

ಆ ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಕೆಂಪರಾಜು ತನ್ನ ಅಣ್ಣನ ಬೈಕಿನ ಮೇಲೆ ಕೂತಿದ್ದ. ಸೀಟಿನ ಮೇಲಲ್ಲ, ಪೆಟ್ರೋಲ್ ಟ್ಯಾಂಕಿನ ಮೇಲೆ. ತೊಂಬತ್ತು ಕೆಜಿಯ ಗಂಡಸು ಪಂಚೆ ಎತ್ತಿ ಕಟ್ಟಿಕೊಂಡು, ಎರಡೂ ಕಡೆ ಕಾಲು ಇಳಿಬಿಟ್ಟು, ಕಣ್ಣು ಮುಚ್ಚಿ, ಕಾವಿಗೆ ಕೂತ ಕೋಳಿಯ ಹಾಗೆ ಗಂಭೀರವಾಗಿ ಕೂತಿದ್ದ. ಅವನ ಅಡಿಯಲ್ಲಿ ಟ್ಯಾಂಕಿನ ಮುಚ್ಚಳವಿತ್ತು. ಅದು ಮುಚ್ಚಿಕೊಳ್ಳಬೇಕಿತ್ತು. ಮುಚ್ಚಿಕೊಳ್ಳುತ್ತಿರಲಿಲ್ಲ.

“ಟಕ್ ಅಂತಾ?” ಕಣ್ಣು ತೆರೆಯದೆಯೇ ಕೇಳಿದ.

“ಏನೋ ಒಂದ್ ಅಂತು,” ಎಂದಳು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಅವನ ತಾಯಿ ಗಂಗಲಕ್ಷ್ಮಮ್ಮ. “ನಿನ್ ಸೊಂಟದ್ದೋ ಗಾಡೀದೋ ಗೊತ್ತಾಗ್ಲಿಲ್ಲ.”

ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ ಬಿಂದುಶ್ರೀ ನಗಲಿಲ್ಲ. ಬೈಕಿನ ಯಜಮಾನ ಪಿಳ್ಳಪ್ಪನ ಮಗಳು ಅವಳು. ಟ್ಯಾಂಕಿನ ಮೇಲೆ ಕೂತವನು ಅವಳ ಚಿಕ್ಕಪ್ಪ. ಚಿಕ್ಕಂದಿನಲ್ಲಿ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಕೇಳಿದ ಕತೆಗಳಲ್ಲಿ ರಾಕ್ಷಸರಿಗೆ ಹಲವು ಬಗೆಯ ದಡ್ಡತನವಿತ್ತು. ಒಬ್ಬ ತನ್ನ ಜೀವವನ್ನು ಗಿಣಿಯೊಳಗೆ ಬಚ್ಚಿಟ್ಟು, ಆ ಗುಟ್ಟನ್ನು ಊಟದ ಹೊತ್ತಿಗೆ ತಾನೇ ಹೇಳಿಬಿಡುತ್ತಿದ್ದ. ಆದರೆ ಮುಚ್ಚಳ ಮುಚ್ಚಲಿಲ್ಲವೆಂದು ಅದರ ಮೇಲೆ ಹೋಗಿ ಕೂರುವ ರಾಕ್ಷಸ ಯಾವ ಕತೆಯಲ್ಲೂ ಬಂದಿರಲಿಲ್ಲ. ಆ ಕತೆಗಳಿಗೊಂದು ಮರ್ಯಾದೆಯಿತ್ತು.

ಬಿಂದುಶ್ರೀಗೆ ಆ ಮುಚ್ಚಳ ಇವತ್ತೇ ಮುಚ್ಚಬೇಕಿತ್ತು. ಅವಳಿಗೆ ದಾಬಸ್‌ಪೇಟೆಯ ಕಾರ್ಖಾನೆಯೊಂದರಲ್ಲಿ ಕೆಲಸ. ಪಂಪು, ಪೈಪು, ಎಂಜಿನ್ನುಗಳಿಗೆ ಹಾಕುವ ರಬ್ಬರ್ ಬಳೆಗಳನ್ನು ಅಳೆದು, ಸರಿಯಿದ್ದದ್ದನ್ನು ಒಂದು ಬುಟ್ಟಿಗೆ, ಕೆಟ್ಟದ್ದನ್ನು ಇನ್ನೊಂದು ಬುಟ್ಟಿಗೆ ಹಾಕುವ ಕೆಲಸ. ಮೂರು ವರ್ಷ ಕಂಪನಿಯ ವ್ಯಾನು ಊರ ಬಾಗಿಲಿಗೇ ಬರುತ್ತಿತ್ತು. ಹೋದ ವಾರ ಅದು ನಿಂತಿತು. ಇನ್ನು ಮೇಲೆ ವ್ಯಾನು ಹೆದ್ದಾರಿಯಲ್ಲಷ್ಟೇ ಓಡುವುದು. ಅವಳ ಊರಿರುವ ಮಧುರೆ ಕಡೆಯವರು ಬೆಳಿಗ್ಗೆ ಆರಕ್ಕೆ ತಾವೇ ಅಲ್ಲಿಗೆ ಬಂದು ಹತ್ತಬೇಕು. ಸೋಮವಾರದಿಂದ ಬಾರದವರ ಜಾಗಕ್ಕೆ ಬೇರೆಯವರು ಬರುತ್ತಾರೆ. ಹೆದ್ದಾರಿ ಹದಿನಾಲ್ಕು ಕಿಲೋಮೀಟರ್. ಆ ಹೊತ್ತಿಗೆ ಬಸ್ಸಿಲ್ಲ, ಆಟೋ ಇಲ್ಲ.

ಇದ್ದದ್ದು ಅಪ್ಪನ ಬೈಕು. ಪಿಳ್ಳಪ್ಪನಿಗೆ ಮಂಡಿ ನೋವು ಹಿಡಿದ ಮೇಲೆ ಅದು ಒಂದೂವರೆ ವರ್ಷ ಕೊಟ್ಟಿಗೆಯಲ್ಲಿ, ಸೀಮೆಹಸುವಿನ ಪಕ್ಕದಲ್ಲಿ ನಿಂತಿತ್ತು. ಬಿಂದುಶ್ರೀ ಕೆರೆ ಅಂಗಳದಲ್ಲಿ ಓಡಿಸಿ ಕಲಿತಿದ್ದಳು, ಲೈಸೆನ್ಸೂ ಇತ್ತು. ಬ್ಯಾಟರಿ ಬದಲಾಯಿಸಿದರು, ಎರಡನೇ ಕಿಕ್ಕಿಗೇ ಬೈಕು ಎದ್ದು ಕೂತಿತು. ಎಲ್ಲ ಸರಿಯಿತ್ತು. ಪೆಟ್ರೋಲ್ ಹಾಕಲೆಂದು ಹೆಣಗಾಡಿ ಮುಚ್ಚಳ ತೆಗೆದರು, ಅಷ್ಟೆ. ಮತ್ತೆ ಅದು ಮುಚ್ಚಲಿಲ್ಲ. ಒತ್ತಿದರೆ ಅರ್ಧ ಬೆರಳು ಮೇಲೆಯೇ ನಿಲ್ಲುತ್ತಿತ್ತು. ಹಾಗೇ ಓಡಿಸಿದರೆ, ಬ್ರೇಕ್ ಹಾಕಿದಾಗಲೆಲ್ಲ ಪೆಟ್ರೋಲ್ ಚೆಲ್ಲಿ ಸೀಟಿನವರೆಗೆ ಹರಿಯುತ್ತಿತ್ತು.

ನಾಲ್ಕು ದಿನದಿಂದ ಮನೆಯ ಗಂಡಸರು ಅದರ ಹಿಂದೆ ಬಿದ್ದಿದ್ದರು. ಕೆಂಪರಾಜುವಿನ ಮಗ ನವೀನ್‌ಕುಮಾರ್ ಮೊಬೈಲಿನಲ್ಲಿ ವಿಡಿಯೋ ನೋಡಿ, ಲೋಹ ತಣ್ಣಗಾದರೆ ಕುಗ್ಗುತ್ತದೆಂದು ಫ್ರಿಜ್ಜಿನ ಐಸನ್ನೆಲ್ಲ ತಂದು ಮುಚ್ಚಳದ ಮೇಲೆ ಇಟ್ಟ. ಐಸು ಕರಗಿತು, ಮುಚ್ಚಳ ಮೊದಲಿನಂತೆಯೇ ಇತ್ತು, ನವೀನ್‌ಕುಮಾರ್ ಅದನ್ನೂ ವಿಡಿಯೋ ಮಾಡಿ ಹಾಕಿದ. ಪಿಳ್ಳಪ್ಪ ಜಗಲಿಯ ಮೇಲೆ ಕೂತು ತಲೆಯಾಡಿಸಿದ. ತಮ್ಮ ಏನೇ ಹೇಳಿದರೂ ತಲೆಯಾಡಿಸುವುದು ಅವನ ಅಭ್ಯಾಸ. ಆ ಕತ್ತು ಬೇರೆ ಕೆಲಸಕ್ಕೆ ಬರುವುದನ್ನು ಬಿಂದುಶ್ರೀ ಈವರೆಗೆ ಕಂಡಿರಲಿಲ್ಲ.

ಇನ್ನು ಕೆಂಪರಾಜು. ಸುತ್ತ ನಾಲ್ಕು ಊರಿಗೆ ಅವನು ತನ್ನ ಲೆಕ್ಕದಲ್ಲಿ ಎಂಜಿನಿಯರು. ಯಾರ ತೋಟದಲ್ಲಿ ಪೈಪು ಸೋರಿದರೂ, ಗೇಟ್‌ವಾಲ್ ತೊಟ್ಟಿಕ್ಕಿದರೂ ಹೋಗುತ್ತಿದ್ದ. ಸೈಕಲ್ ಟ್ಯೂಬೋ ಟ್ರ್ಯಾಕ್ಟರ್ ಟ್ಯೂಬೋ ಕೈಗೆ ಸಿಕ್ಕಿದ್ದನ್ನು ದುಂಡಗೆ ಕತ್ತರಿಸಿ, ವಾಷರ್ ಮಾಡಿ ಒಳಗೆ ತೂರಿಸಿ, ಬಿಗಿ ಮಾಡಿ, ಬೀಡಿ ಹಚ್ಚಿ, “ಇನ್ ಹತ್ತೊರ್ಷ ನೋಡ್ಬೇಡಿ” ಅನ್ನುತ್ತಿದ್ದ. ನೀರು ನಿಲ್ಲುತ್ತಿತ್ತು, ಅದೂ ನಿಜವೇ. ನೀರನ್ನು ನಿಲ್ಲಿಸಿದವನಿಗೆ ಲೋಕದಲ್ಲಿರುವುದೆಲ್ಲ ನೀರಾಗಿಯೇ ಕಾಣಿಸತೊಡಗಿತ್ತು.

“ಆಗಲ್ಲ,” ಎಂದು ಅವನು ಕೊನೆಗೆ ಟ್ಯಾಂಕಿನಿಂದ ಇಳಿದ. “ಲಾಕೇ ಸತ್ತೋಗಿದೆ ಅಣ್ಣ. ಇನ್ ಇದು ಗಾಡಿ ಅಲ್ಲ, ಕೊಳ್ಳಿದೆವ್ವ. ಹೆಣ್ಮಗು ಕೈಗೆ ಕೊಡಕ್ಕಾಗಲ್ಲ. ಗುಜರಿ ಜವರಪ್ಪಂಗೆ ಹೇಳಿದ್ದೀನಿ, ನಾಲ್ಕು ಗಂಟೆಗೆ ಬರ್ತಾನೆ.”

ಪಿಳ್ಳಪ್ಪ ತಲೆಯಾಡಿಸಿದ.

“ನನ್ ಕೆಲ್ಸ?” ಎಂದಳು ಬಿಂದುಶ್ರೀ.

“ಏನ್ ಕೆಲ್ಸ ಕಣವ್ವ ಅದು? ಕುರ್ಚಿ ಮೇಲೆ ಕೂತ್ಕೊಂಡು ರಬ್ಬರ್ ಬಳೆ ಎಣ್ಸೋದು. ಬಳೆ ಎಣ್ಸೋಕೆ ಅಷ್ಟು ದೂರ ಹೋಗ್ಬೇಕಾ? ಇಲ್ಲೇ ಜಾತ್ರೆ ಬಂದಾಗ ಎಣ್ಸು.” ತನ್ನ ಜೋಕಿಗೆ ತಾನೇ ನಕ್ಕು, ಬೈಕಿನ ಕೀಲಿಯನ್ನು ಉಡುದಾರಕ್ಕೆ ಸಿಕ್ಕಿಸಿಕೊಂಡು ತಿಂಡಿಗೆ ಹೋದ. ಪಕ್ಕದ ಮನೆಯೇ ಅವನದು. ನಡುವೆ ಒಂದು ಗೋಡೆ, ಒಂದೇ ಅಂಗಳ.

ಅವನ ಬೆನ್ನು ಮರೆಯಾಗುವವರೆಗೂ ಬಿಂದುಶ್ರೀ ನೋಡುತ್ತ ನಿಂತಳು. ನಾಲ್ಕು ದಿನ ಇವರೆಲ್ಲ ಮುಚ್ಚಳವನ್ನು ಒತ್ತಿದ್ದರು, ಗುದ್ದಿದ್ದರು, ಅದರ ಮೇಲೆ ಕೂತಿದ್ದರು. ಒಬ್ಬನಾದರೂ ಅದನ್ನು ತಿರುಗಿಸಿ ಅಡಿಯಲ್ಲಿ ಏನಿದೆ ಎಂದು ನೋಡಿರಲಿಲ್ಲ. ತಲೆ ಬಗ್ಗಿಸಿ ನೋಡುವುದು ಗಂಡಸರಿಗೆ ಅವಮಾನವೇನೋ.

ಅವಳು ಅಂಗಳಕ್ಕಿಳಿದು ಮುಚ್ಚಳವನ್ನೆತ್ತಿ ಮಗುಚಿದಳು. ಮುಚ್ಚಳದ ಒಳಗಡೆ, ಕಪ್ಪು ರಬ್ಬರ್ ಬಳೆ ಇರಬೇಕಾದ ತಗ್ಗಿನಲ್ಲಿ, ಬೇರೇನೋ ಉಬ್ಬಿಕೊಂಡು ತುಂಬಿತ್ತು. ತಲೆಯಿಂದ ಒಂದು ಪಿನ್ನು ತೆಗೆದು ಮೀಟಿದಳು. ಮೆತ್ತಗೆ, ನೆನೆದ ರಸ್ಕಿನಂತೆ ಅದು ಎದ್ದು ಬಂತು. ದುಂಡನೆಯ ಬಿಲ್ಲೆ, ನಡುವೆ ತೂತು. ಒಂದು ಮೈ ಬಿಳಿ, ಇನ್ನೊಂದು ಮೈ ನೀಲಿ. ನೀಲಿಯ ಮೇಲೆ ಸವೆದುಹೋದ ಅಡ್ಡಗೆರೆಗಳು.

ಆ ಗೆರೆಗಳು ಬಿಂದುಶ್ರೀಗೆ ಗೊತ್ತಿದ್ದವು.

ಹೋದ ವರ್ಷ ಇದೇ ಅವರೆಕಾಯಿ ಕಾಲದಲ್ಲಿ ಗಂಗಲಕ್ಷ್ಮಮ್ಮನ ಹವಾಯಿ ಚಪ್ಪಲಿಗೆ ತೂತು ಬಿದ್ದಿತ್ತು. ಎಡಗಾಲಿನ ಚಪ್ಪಲಿ, ಸವೆದು ದೋಸೆಯಷ್ಟು ತೆಳ್ಳಗಾಗಿದ್ದ ಹಿಮ್ಮಡಿ, ಅಲ್ಲಿ ಹುಣ್ಣಿಮೆ ಚಂದ್ರನಷ್ಟು ದುಂಡನೆಯ ತೂತು. ಮನೆಯವರೆಲ್ಲ ಇದು ಹೆಗ್ಗಣದ ಕೆಲಸ ಎಂದರು. ಹಾಗೆ ಮೊದಲು ಹೇಳಿದವನು ಕೆಂಪರಾಜು. ಆದರೆ ಹೆಗ್ಗಣ ಇಷ್ಟು ದುಂಡಗೆ ಯಾಕೆ ಕಚ್ಚಿತು ಎನ್ನುವುದಕ್ಕೆ ಯಾರ ಬಳಿಯೂ ಉತ್ತರವಿರಲಿಲ್ಲ. ಗಂಗಲಕ್ಷ್ಮಮ್ಮನ ಬಳಿ ಇತ್ತು. ನೆಲದಡಿಯಲ್ಲಿ ಹೆಗ್ಗಣದರಸನ ಮಗಳಿಗೆ ಮದುವೆ, ಹೆಣ್ಣನ್ನು ಕಳಿಸಿಕೊಡಲು ಗಾಡಿ ಕಟ್ಟಿಸುತ್ತಿದ್ದಾನೆ, ಗಾಡಿಗೆ ಚಕ್ರ ಬೇಕು. “ಒಂದ್ ಚಕ್ರ ತಗೊಂಡೋಗವ್ನೆ. ಇನ್ನೊಂದಕ್ಕೆ ಬಂದೇ ಬರ್ತಾನೆ,” ಎಂದು ಬಲಗಾಲಿನ ಚಪ್ಪಲಿಯನ್ನು ಟ್ರಂಕಿನಲ್ಲಿ ಇಟ್ಟು ಬೀಗ ಹಾಕಿದಳು. ಒಂದು ಕಾಲಿಗೆ ತೂತು ಚಪ್ಪಲಿ, ಇನ್ನೊಂದು ಬರಿಗಾಲು, ಹಾಗೇ ಹೊಲಕ್ಕೆ ಹೋಗಿಬರುತ್ತಿದ್ದಳು. ಹೊಸ ಜೊತೆ ತರುತ್ತೇವೆ ಎಂದರೆ, ಮದುವೆ ಮುಗಿಯಲಿ, ಆಮೇಲೆ ನೋಡೋಣ ಎಂದಳು. ಒಂದು ದಿನ ಜಾಲಿ ಮುಳ್ಳೊಂದು ಸರಿಯಾಗಿ ಆ ತೂತಿನೊಳಗಿಂದಲೇ ಬಂದು ಹಿಮ್ಮಡಿಗೆ ಇಳಿಯಿತು. ಕೀವು ತುಂಬಿ ಒಂದು ತಿಂಗಳು ಕುಂಟಿದಳು.

ಆ ಮುಳ್ಳನ್ನು ತೆಗೆದವನು ಕೆಂಪರಾಜು. ತಾಯಿಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಸೂಜಿಯಿಂದ ಮೆಲ್ಲಗೆ ಕೆದಕುತ್ತ, ಹೆಗ್ಗಣದ ವಂಶವನ್ನೆಲ್ಲ ಬಾಯಿಗೆ ಬಂದಂತೆ ಬೈದಿದ್ದ. ಆ ಸಂಜೆಯೇ ದೊಡ್ಡ ಬೋನೊಂದನ್ನು ತಂದು, ಒಳಗೆ ಬೋಂಡ ಸಿಕ್ಕಿಸಿ ಅಂಗಳದಲ್ಲಿಟ್ಟಿದ್ದ. ಎಂಟು ದಿನ, ದಿನಕ್ಕೊಂದು ಬೋಂಡ. ಹೆಗ್ಗಣ ಬೀಳಲಿಲ್ಲ. ಬೀಳುವುದಾದರೂ ಹೇಗೆ? ಅದು ಬೋಂಡ ಸಿಕ್ಕಿಸುತ್ತ ಬೋನಿನ ಹೊರಗೇ ಕೂತಿತ್ತಲ್ಲ!

ಬಿಂದುಶ್ರೀ ಒಳಗೆ ಓಡಿ ಆ ಎಡಗಾಲಿನ ಚಪ್ಪಲಿಯನ್ನು ತಂದಳು. ತಿಂಡಿ ಮುಗಿಸಿ ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತ ಕೆಂಪರಾಜು ಬರುವುದಕ್ಕೂ, ಅವಳು ಬಿಲ್ಲೆಯನ್ನು ಚಪ್ಪಲಿಯ ತೂತಿನ ಮೇಲೆ ಇಡುವುದಕ್ಕೂ ಸರಿಹೋಯಿತು.

ಬಿಲ್ಲೆ ಕೂರಲಿಲ್ಲ. ತೂತಿಗಿಂತ ಅದು ಒಂದು ಬೆರಳು ದೊಡ್ಡದಿತ್ತು.

ಕೆಂಪರಾಜು ಒಂದು ಗಳಿಗೆ ಬೆಚ್ಚಿದ. ಆಮೇಲೆ ಬಿಲ್ಲೆ ಕೂರದಿರುವುದನ್ನು ನೋಡಿ, ಎದೆಯುಬ್ಬಿಸಿ ನಕ್ಕ. “ಲೇ ನವೀನ, ಬಾರೋ ಇಲ್ಲಿ, ನಿಮ್ಮಕ್ಕನ್ ಪತ್ತೇದಾರಿಕೆ ನೋಡು! ತೂತು ಚಿಕ್ದು, ಬಿಲ್ಲೆ ದೊಡ್ದು. ಹೆಗ್ಗಣ ಕಚ್ಕೊಂಡೋದ್ಮೇಲೆ ಬೆಳೀತೇನಮ್ಮಾ ಅದು?”

“ಮತ್ತೆ ಮುಚ್ಚಳದೊಳಗೆ ಚಪ್ಪಲಿ ತುಂಡು ಇಟ್ಟಿದ್ದು ಯಾರು ಚಿಕ್ಕಪ್ಪ?”

“ನಂಗೇನ್ ಗೊತ್ತು? ಯಾವನೋ ಮೆಕ್ಯಾನಿಕ್ ಹಾಕಿರ್ತಾನೆ. ನಿಮ್ ಫ್ಯಾಕ್ಟ್ರೀಲಿ ಅಳತೆ ಕಲ್ಸಿದ್ದಾರಂತೆ. ಅಳ್ದು ನೋಡು, ನೋಡು.”

ನವೀನ್‌ಕುಮಾರ್ ಮೊಬೈಲು ಎತ್ತಿ ವಿಡಿಯೋ ಮಾಡಿಕೊಂಡ. ಪಿಳ್ಳಪ್ಪ ತಲೆಯಾಡಿಸಿದ.

ಬಿಂದುಶ್ರೀ ಬಿಲ್ಲೆಯನ್ನು ಮೂಸಿದಳು, ಪೆಟ್ರೋಲ್ ವಾಸನೆ. ಕೆಲಸಕ್ಕೆ ಸೇರಿದ ಮೊದಲ ವಾರ, ಅವಳ ವಿಭಾಗದ ಮೇಲಿನವರಾದ ಸಂಘಮಿತ್ರ ಮೇಡಂ ಎರಡು ಲೋಟ ಪೆಟ್ರೋಲಿನಲ್ಲಿ ಎರಡು ಬಳೆ ಹಾಕಿ ತೋರಿಸಿದ್ದರು. “ಪೆಟ್ರೋಲಿಗೆ ಅಂತ ಮಾಡಿದ ರಬ್ಬರ್ ಇರತ್ತಲ್ಲ, ಅದು ಮಡಿ ಹೆಂಗಸಿನ ಥರ, ಏನೂ ಮುಟ್ಟಲ್ಲ. ಕಂಡಕಂಡ ರಬ್ಬರ್ ಹಾಕು, ಕುಡಿದು ಕುಡಿದು ಊದಿಕೊಳ್ಳತ್ತೆ. ಬಿಸಿಲಿಗೆ ಹಾಕಿದರೆ ಕುಡಿದದ್ದೆಲ್ಲ ಇಳಿದು ಮತ್ತೆ ಮೊದಲಿನ ಹಾಗೆ.” ಕುಡಿದದ್ದು ಇಳಿಯುವವರೆಗೂ ಕಾಯುವುದು ಅವಳಿಗೆ ಹೊಸದೇನಲ್ಲ, ಆ ಮನೆತನದಲ್ಲಿ ಹಬ್ಬದ ಮಾರನೇ ದಿನ ಹೆಂಗಸರೆಲ್ಲ ಮಾಡುತ್ತಿದ್ದ ಕೆಲಸವೇ ಅದು.

ಬಿಲ್ಲೆಯನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿಸಿಲಿಗಿಟ್ಟಳು. “ಅಜ್ಜಿ, ಇದ್ನ ಸಂಜೆವರ್ಗೂ ನೋಡ್ಕೊ.”

“ಹಪ್ಪಳ ನೋಡ್ಕೊಂಡಂಗೆ ನೋಡ್ಕೊಂತೀನಿ ನಡಿ,” ಎಂದಳು ಗಂಗಲಕ್ಷ್ಮಮ್ಮ. ಅವಳ ಮುಖದಲ್ಲಿ ನಗುವಿರಲಿಲ್ಲ. ತನ್ನ ಚಪ್ಪಲಿಯ ಗೆರೆ ಅವಳಿಗೂ ಗೊತ್ತಿತ್ತು.

ಬಿಲ್ಲೆ ತೆಗೆದ ಮೇಲೆ ಮುಚ್ಚಳ ಒಂದೇ ಬೆರಳಿಗೆ ಟಕ್ ಎಂದು ಮುಚ್ಚಿಕೊಂಡಿತು.

“ನೋಡ್ದಾ!” ಎಂದು ಕೆಂಪರಾಜು ಜಗಲಿಯಿಂದ ಹಾರಿದ. “ಬೆಳಿಗ್ಗೆ ನಾನ್ ಕೂತು ಸಡ್ಲ ಮಾಡಿದ್ದು! ಅದಕ್ಕೇ!”

ಬಿಂದುಶ್ರೀ ಬೈಕನ್ನು ಹಿಡಿದು ಅಲ್ಲಾಡಿಸಿದಳು. ಮುಚ್ಚಳದ ಸುತ್ತಲಿಂದ ಪೆಟ್ರೋಲ್ ಜಿನುಗಿತು. ಒಳಗಿನ ಬಳೆಯಿಲ್ಲದೆ ಅದು ಮುಚ್ಚಿಯೂ ಪ್ರಯೋಜನವಿರಲಿಲ್ಲ. ಚಿಕ್ಕಪ್ಪನಿಂದ ಕೀಲಿ ಹಾಕಿಸಿ ಮುಚ್ಚಳ ತೆಗೆಸಿ, ಅದರ ತಗ್ಗನ್ನು ಬಟ್ಟೆಯಿಂದ ಒರೆಸಿ ನೋಡಿದಳು. ತಗ್ಗಿನ ಒಂದು ಕಡೆ, ಅಕ್ಕಿಕಾಳಿನಷ್ಟು ಗಾತ್ರದ ಸಣ್ಣ ಗೂಡಿತ್ತು. ಅಂದರೆ ಇಲ್ಲಿದ್ದ ಬಳೆಗೆ ಒಂದು ಪುಟ್ಟ ಕಿವಿ ಇದ್ದಿರಬೇಕು.

“ಹಳೇ ಬಳೆ ಎಲ್ಲಿ?” ಎಂದು ಗಾಳಿಗೆ ಕೇಳಿದಳು. ಚಿಕ್ಕಪ್ಪ ಹಲ್ಲಿನ ಕಡ್ಡಿಯನ್ನು ಬಲು ಜೋಪಾನವಾಗಿ ಮುರಿಯತೊಡಗಿದ.

ದೊಡ್ಡಬಳ್ಳಾಪುರದ ಅಂಗಡಿಗೆ ಫೋನು ಮಾಡಿದಳು. “ಆ ಮಾಡೆಲ್ ನಿಂತೋಗಿದೆ ಮೇಡಂ. ಹೇಳಿ ತರಿಸ್ಬೇಕು. ಗುರುವಾರ ಬನ್ನಿ.” ಗುರುವಾರದ ಹೊತ್ತಿಗೆ ಅವಳ ಕುರ್ಚಿಯಲ್ಲಿ ಬೇರೆ ಯಾರೋ ಕೂತು ಬಳೆ ಅಳೆಯುತ್ತಿರುತ್ತಾರೆ. ಮಧ್ಯಾಹ್ನವೆಲ್ಲ ಅವಳು ಜಗಲಿಯ ಕಂಬಕ್ಕೆ ಒರಗಿ, ರಸ್ತೆ ನೋಡುತ್ತ ಕೂತಳು. ಅಜ್ಜಿಯ ಕತೆಯಲ್ಲಾಗಿದ್ದರೆ ಈ ಹೊತ್ತಿಗೆ ಒಂದು ಇರುವೆ ಬರಬೇಕಿತ್ತು. ಯಾವತ್ತೋ ನೀರಿನಿಂದ ಎತ್ತಿ ಬಿಟ್ಟಿದ್ದ ಇರುವೆ, ಕಳೆದ ವಸ್ತುವನ್ನು ಬಾಯಲ್ಲಿ ಕಚ್ಚಿಕೊಂಡು ಬರಬೇಕಿತ್ತು.

ಇರುವೆಯ ಬದಲು ಜವರಪ್ಪ ಬಂದ. ಸರಿಯಾಗಿ ನಾಲ್ಕಕ್ಕೆ, ಗುಜರಿ ತುಂಬಿದ ಗೂಡ್ಸ್ ಆಟೋದಲ್ಲಿ. ತೆಳ್ಳನೆಯ ಮನುಷ್ಯ. ಬೈಕಿನ ಸುತ್ತ ಒಮ್ಮೆ ನಡೆದು, “ಗಾಡಿ ಚೆನ್ನಾಗೈತಲ್ಲ ಗೌಡ್ರೆ, ಯಾಕೆ ಹಾಕ್ತೀರಿ?” ಎಂದ.

“ನಿಂಗ್ಯಾಕಪ್ಪ ಅದೆಲ್ಲ? ಎತ್ಕೊಂಡೋಗು,” ಎಂದ ಕೆಂಪರಾಜು. “ಒಂದ್ ನಿಮಿಷ ತಡಿ, ಪೆಟ್ರೋಲ್ ತಕ್ಕೊಂಬಿಡ್ತೀನಿ. ಸುಮ್ನೆ ಯಾಕೆ ನಿಂಗೆ?”

ಆ ಒಂದು ನಿಮಿಷವನ್ನು ಅವನು ತಡೆದುಕೊಂಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ತಡೆದುಕೊಳ್ಳುವುದು ಅವನ ಜಾಯಮಾನವಲ್ಲ. ಅಣ್ಣನ ಮನೆಯಿಂದ ಹೊರಹೋಗುವ ಯಾವುದೂ ತನ್ನ ಮನೆಯನ್ನು ಒಮ್ಮೆ ಹಾಯ್ದೇ ಹೋಗಬೇಕು, ಅದು ಎರಡು ಲೀಟರ್ ಪೆಟ್ರೋಲಾದರೂ ಸರಿ. ಪೈಪು ಹಾಕಿ ಕ್ಯಾನಿಗೆ ಇಳಿಸಿಕೊಂಡ. ಮನೆಯೊಳಗಿಂದ ತನ್ನ ಹುಲ್ಲು ಕತ್ತರಿಸುವ ಮಿಷನ್ನನ್ನು ತಂದು ಅಂಗಳದಲ್ಲಿಟ್ಟು, ಅದರ ಪುಟ್ಟ ಟ್ಯಾಂಕಿನ ಮುಚ್ಚಳ ತಿರುಗಿಸಿದ. ಮುಚ್ಚಳವನ್ನು ಮಗುಚಿ ಜಗಲಿಯ ಅಂಚಿನಲ್ಲಿ, ಬಿಂದುಶ್ರೀಯ ಪಕ್ಕದಲ್ಲೇ ಇಟ್ಟ.

ದಿನಕ್ಕೆ ಎಂಟು ಗಂಟೆ, ವಾರಕ್ಕೆ ಆರು ದಿನ, ಮೂರು ವರ್ಷ ರಬ್ಬರ್ ಬಳೆಗಳನ್ನೇ ನೋಡಿದ ಕಣ್ಣು ಅದು. ಮುಚ್ಚಳದೊಳಗೆ ಕಪ್ಪು ಬಳೆಯೊಂದು ಕೂತಿತ್ತು. ಜಾಗಕ್ಕಿಂತ ತುಸು ದೊಡ್ಡದು, ತುಂಬಿದ ಬಸ್ಸಿನಲ್ಲಿ ನಿಂತವರ ಹಾಗೆ ಒತ್ತರಿಸಿಕೊಂಡಿತ್ತು. ಅದರ ಅಂಚಿನಲ್ಲಿ ಎಲ್ಲಿಗೂ ಸೇರದೆ ಮಡಿಚಿಕೊಂಡ ಒಂದು ಪುಟ್ಟ ಕಿವಿ.

ಬಿಂದುಶ್ರೀ ಪಿನ್ನು ಹಾಕಿ ಅದನ್ನು ಎಬ್ಬಿಸಿದಳು.

“ಏಯ್, ಏನ್ ಮಾಡ್ತಿದ್ಯ?” ಎಂದ ಕೆಂಪರಾಜು, ಕ್ಯಾನು ಹಿಡಿದವನು ಹಿಡಿದಂತೆಯೇ.

“ಇದು ನಮ್ ಗಾಡೀದು ಚಿಕ್ಕಪ್ಪ.”

“ನಿಮ್ಮಪ್ಪನ್ ಹೆಸ್ರು ಬರ್ದೈತಾ ಅದ್ರ ಮೇಲೆ?”

ಬಿಂದುಶ್ರೀ ಬೈಕಿನ ಮುಚ್ಚಳವನ್ನೆತ್ತಿ, ಬಳೆಯನ್ನು ತಗ್ಗಿಗೆ ಇಟ್ಟು, ಹೆಬ್ಬೆರಳಿನಿಂದ ಸುತ್ತ ಸವರಿದಳು. ಪುಟ್ಟ ಕಿವಿ ಪುಟ್ಟ ಗೂಡಿನೊಳಗೆ ಹೋಗಿ ಮಲಗಿತು. ಮುಚ್ಚಳವನ್ನು ಟ್ಯಾಂಕಿನ ಮೇಲಿಟ್ಟು ಒತ್ತಿದಳು. ಟಕ್. ಕೂರಬೇಕಾಗಿರಲಿಲ್ಲ, ಗುದ್ದಬೇಕಾಗಿರಲಿಲ್ಲ. ತಳದಲ್ಲಿ ಉಳಿದಿದ್ದ ಪೆಟ್ರೋಲಿನ ಸಮೇತ ಬೈಕನ್ನು ಪಕ್ಕಕ್ಕೆ ಪೂರ್ತಿ ವಾಲಿಸಿ ಹಿಡಿದಳು. ಒಂದು ಹನಿ ಬೀಳಲಿಲ್ಲ.

“ಕೆಂಪಾ,” ಎಂಬ ದನಿ ಬಟ್ಟೆ ಒಗೆಯುವ ಕಲ್ಲಿನ ಕಡೆಯಿಂದ ಬಂತು. ಗಂಗಲಕ್ಷ್ಮಮ್ಮ ಕೈಯಲ್ಲಿ ಚಪ್ಪಲಿ ಹಿಡಿದು ನಿಂತಿದ್ದಳು. ಬೆಳಗಿನಿಂದ ಹಪ್ಪಳದಂತೆ ತಿರುವಿ ಹಾಕಿ ಒಣಗಿಸಿದ್ದ ಬಿಲ್ಲೆ ಚಿಕ್ಕದಾಗಿ, ಗಟ್ಟಿಯಾಗಿ, ಮೊದಲಿನಂತಾಗಿತ್ತು. ಅದನ್ನು ಚಪ್ಪಲಿಯ ತೂತಿಗಿಟ್ಟು ಒತ್ತಿದಳು. ಕೂತಿತು. ಅಡ್ಡಗೆರೆಗೆ ಅಡ್ಡಗೆರೆ ಸೇರಿಕೊಂಡವು.

ನವೀನ್‌ಕುಮಾರ್ ಮೊಬೈಲನ್ನು ಜೇಬಿಗಿಳಿಸಿದ. ಈ ವಿಡಿಯೋ ಅವನಿಗೆ ಬೇಕಾಗಿರಲಿಲ್ಲ.

“ಒಂದ್ ಮಾತು ಕೇಳ್ಲಾ ಚಿಕ್ಕಪ್ಪ?” ಎಂದಳು ಬಿಂದುಶ್ರೀ. ದನಿ ಏರಿಸಲಿಲ್ಲ, ಕೆಟ್ಟ ಬಳೆಯನ್ನು ಬುಟ್ಟಿಗೆ ಹಾಕುವಾಗ ಯಾರೂ ದನಿ ಏರಿಸುವುದಿಲ್ಲ. “ನಿಮ್ ಮಿಷನ್ ಸೋರ್ತಿತ್ತು ಅಂತ ನಮ್ ಗಾಡಿ ಬಳೆ ಕಿತ್ಕೊಂಡ್ರಿ. ನಮ್ ಗಾಡಿಗೆ ಅಜ್ಜಿ ಚಪ್ಪಲಿ ಕತ್ತರ್ಸಿ ಹಾಕಿದ್ರಿ. ಚಪ್ಪಲಿ ವಾಷರ್ ಅಷ್ಟು ಚೆನ್ನಾಗಿದ್ರೆ ನಿಮ್ ಮಿಷನ್‌ಗೇ ಯಾಕ್ ಹಾಕ್ಕೊಳ್ಳಿಲ್ಲ?”

ಕೆಂಪರಾಜು ಬಾಯಿ ತೆರೆದ. ಮತ್ತೆ ಮುಚ್ಚಿದ. ನಾಲ್ಕು ದಿನದಲ್ಲಿ ಯಾರೂ ಒತ್ತದೆ ಮುಚ್ಚಿಕೊಂಡದ್ದು ಅದೊಂದೇ.

“ಅದು… ನಿಮ್ ಗಾಡಿ ಸುಮ್ನೆ ನಿಂತಿತ್ತಲ್ಲ,” ಎಂದ. “ನನ್ ಮಿಷನ್ ದಿನಾ ಓಡೋದು.”

ಜವರಪ್ಪ ತನ್ನ ಆಟೋದ ಕಡೆಗೆ ತಿರುಗಿದ. “ಗುಜರಿಯವ್ನು ನಾನು. ಊರ್ನವ್ರೆಲ್ಲ ನನ್ನೇ ಕಳ್ಳ ಅಂತಾರೆ,” ಎಂದ ಆಟೋ ಹತ್ತುತ್ತ. “ಹೆತ್ತವ್ವನ್ ಕಾಲ್ಕೆಳಗಿಂದು ಎಳ್ಕೊಂಬರಕ್ಕೆ ನನ್ ಕೈಲೂ ಆಗಲ್ಲಪ್ಪ.”

ಗಂಗಲಕ್ಷ್ಮಮ್ಮ ಬೈಯಲಿಲ್ಲ. ಬೈದಿದ್ದರೆ ಕೆಂಪರಾಜು ಬದುಕಿಕೊಳ್ಳುತ್ತಿದ್ದ. ಅವಳು ಮಗನ ಹತ್ತಿರ ಬಂದು, ಊರ ಮದುವೆಯೊಂದರ ಸುದ್ದಿ ವಿಚಾರಿಸುವವಳ ಹಾಗೆ ಕೇಳಿದಳು: “ಅಲ್ಲ ಕಣೋ, ಹೆಗ್ಗಣದ ಮಗಳ ಮದ್ವೆ ಚೆನ್ನಾಗಾಯ್ತಾ? ಊಟಕ್ಕೆ ನನ್ನ ಕರೀಲೇ ಇಲ್ವಲ್ಲೋ.”

ಕೆಂಪರಾಜು ಅಣ್ಣನ ಕಡೆ ನೋಡಿದ. ಇಂಥ ಹೊತ್ತಿನಲ್ಲಿ ಯಾವಾಗಲೂ ಆಡುತ್ತಿದ್ದ ಆ ತಲೆಯ ಕಡೆ. ಪಿಳ್ಳಪ್ಪ ಮಂಡಿ ಹಿಡಿದುಕೊಂಡು ನಿಧಾನವಾಗಿ ಎದ್ದು ನಿಂತಿದ್ದ. ತಲೆ ಆಡಲಿಲ್ಲ.

“ಕೀ ಕೊಡೋ ಅವ್ಳಿಗೆ,” ಎಂದ.

ಉಡುದಾರದಿಂದ ಕೀಲಿ ಬಿಡಿಸಲು ಕೆಂಪರಾಜುವಿಗೆ ಬಹಳ ಹೊತ್ತು ಹಿಡಿಯಿತು. ಹೊಟ್ಟೆ ಅಡ್ಡ ಬರುತ್ತಿತ್ತು. ಬಿಂದುಶ್ರೀ ಕೈ ಚಾಚಿಕೊಂಡು, ಮುಖ ಬೇರೆ ಕಡೆ ತಿರುಗಿಸಿ ಕಾದಳು. ಕೀಲಿ ಕೈಗೆ ಬಂದ ಮೇಲೆ ಅವನ ಕಾಲ ಬಳಿಯಿದ್ದ ಕ್ಯಾನನ್ನೂ ಎತ್ತಿಕೊಂಡು, ಪೆಟ್ರೋಲನ್ನು ತಿರುಗಿ ಬೈಕಿಗೇ ಹುಯ್ದಳು. ಕ್ಷಮಿಸುವುದು ಹೇಗೆಂದು ಅಜ್ಜಿಯ ಕತೆಗಳಲ್ಲಿ ಬೇಕಾದಷ್ಟು ಇತ್ತು; ಆದರೆ ಅಲ್ಲಿ ಕ್ಷಮೆ ಬೇಡಿದವರು ಸಿಂಹಗಳು, ಸರ್ಪಗಳು, ತಪ್ಪಿಗೆ ತಕ್ಕ ಗಾತ್ರವಿದ್ದವರು. ಒಂದು ತುಂಡು ಚಪ್ಪಲಿಗೆ ಎಂಟು ಬೋಂಡ ಖರ್ಚು ಮಾಡಿದವನನ್ನು ಕ್ಷಮಿಸುವುದು ಎಲ್ಲಿಂದ ಶುರುವಾಗುತ್ತದೋ ಅವಳಿಗೆ ತಿಳಿಯಲಿಲ್ಲ. ತಿಳಿಯುವ ಆಸೆಯೂ ಆಗಲಿಲ್ಲ.

ಅಷ್ಟಾದರೂ, ಸಂಜೆ ಡೈರಿಗೆ ಹಾಲು ಹಾಕಲು ಹೋದಾಗ ಕೆಂಪರಾಜು ನಾಲ್ಕು ಜನರ ಮುಂದೆ ಹೇಳುತ್ತಿದ್ದದ್ದು ಅವಳ ಕಿವಿಗೆ ಬಿತ್ತು: “ಅಣ್ಣನ್ ಗಾಡಿ ಮುಚ್ಚಳ ಸರಿಹೋಯ್ತು ಕಣ್ರಪ್ಪ. ವಾಷರ್ ಪ್ರಾಬ್ಲಮ್ಮು. ಒರಿಜಿನಲ್ಲು ನನ್ನತ್ರಾನೇ ಭದ್ರವಾಗಿತ್ತು, ಕೊಟ್ಟೆ.” ಬಿಂದುಶ್ರೀ ಹಾಲಿನ ಕ್ಯಾನನ್ನು ಕೆಳಗಿಟ್ಟು ಅವನನ್ನು ಒಮ್ಮೆ ನೋಡಿದಳು. ಅವನು ಮಾತು ಬದಲಿಸಿ ರೇಷ್ಮೆ ಗೂಡಿನ ದರಕ್ಕೆ ಹೋದ.

ಸೋಮವಾರ ಬೆಳಿಗ್ಗೆ ಐದೂಕಾಲಿಗೆ ಅವಳು ಬೈಕನ್ನು ಕೊಟ್ಟಿಗೆಯಿಂದ ಹೊರಕ್ಕೆ ತಳ್ಳಿದಳು. ಮಂಜು ಬಿದ್ದಿತ್ತು. ಚಿಕ್ಕಪ್ಪನ ಮನೆಯ ಹೊಸ್ತಿಲ ಮುಂದೆ, ರಂಗೋಲಿ ಹಾಕುವ ಜಾಗದಲ್ಲಿ ಏನೋ ಕಪ್ಪಗೆ ಕಂಡಿತು. ಹತ್ತಿರ ಹೋಗಿ ನೋಡಿದಳು. ಹೋದ ವರ್ಷದ ಹೆಗ್ಗಣದ ಬೋನು. ಬಾಗಿಲು ತೆರೆದಿಟ್ಟು, ಒಳಗೆ ಕೊಕ್ಕೆಗೆ ಬೋಂಡವೊಂದನ್ನು ಸಿಕ್ಕಿಸಲಾಗಿತ್ತು.

ಜಗಲಿಯ ಮೇಲೆ ಗಂಗಲಕ್ಷ್ಮಮ್ಮ ಕಂಬಳಿ ಹೊದ್ದು ಕೂತಿದ್ದಳು. ಕಾಲಿಗೆ ಎರಡೂ ಚಪ್ಪಲಿ ಹಾಕಿದ್ದಳು. ಟ್ರಂಕಿನ ಬೀಗ ಕಳಚಿತ್ತು.

ಬಿಂದುಶ್ರೀ ಕಿಕ್ ಹೊಡೆದಳು. ಎರಡನೆಯದಕ್ಕೆ ಬೈಕು ಎದ್ದಿತು. ಗೋಡೆಯಾಚೆ ಚಾಪೆಯ ಮೇಲಿಂದ ಕೆಂಪರಾಜುವಿನ ನಿದ್ದೆಗಣ್ಣಿನ ದನಿ ಕೇಳಿಸಿತು. “ಯಾರದು? ಯಾರದು ಅಂಗ್ಳದಲ್ಲಿ?”

“ಹೆಗ್ಗಣ ಕಣೋ,” ಎಂದಳು ಗಂಗಲಕ್ಷ್ಮಮ್ಮ. “ಮಲ್ಕೋ.”